ಸ್ನೋ ಗುರುದತ್ತನ ಮೊದಲ ಪಾಠ

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಮೂವರು ಗುರುದತ್ತರಿದ್ದಾರೆ. ಒಬ್ಬ ತಬಲಾ ಗುರುದತ್ತ, ಇನ್ನೊಬ್ಬ ಮನೆಸಾಲ ಕೊಡಿಸುವ ಮಾರ್ಟ್‌ಗೇಜ್ ಗುರುದತ್ತ, ನಮ್ಮ ಕಥೆಯವನು ಸ್ನೋ ಗುರುದತ್ತ. ಚಳಿಗಾಲದ ಜೂನ್ ತಿಂಗಳು ಕಾಲಿಟ್ಟಿತೆಂದರೆ ಅಲ್ಲಿನ ಕನ್ನಡದ ಮನೆಗಳಿಂದ ಅವನಿಗೆ ಫೋನುಗಳು ಶುರುವಾಗುತ್ತವೆ. ಶಾಲೆಯ ರಜೆಯ ಎರಡು ವಾರಗಳಲ್ಲಿ ಯಾವ ವಾರ ಹೋದರೆ ಹಿಮ ಸಿಕ್ಕೀತು, ಹಿಮಬೆಟ್ಟದ ಬುಡದ ಜಿಂಡಬೈನ್‌ನಲ್ಲಿ ರೂಮಿನೊಳಗೆ ಕುಕ್ಕರ್ ಕೂಗಿಸಿದರೂ ಸುಮ್ಮನಿರುವ ಮೋಟೆಲ್ ಯಾವುದು, ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನನ್ನು ಎಲ್ಲಿ ಬಾಡಿಗೆಗೆ ತರಬೇಕು, ಡೀಸೆಲ್ ಗಾಡಿಯವರು ಚಳಿಗೆ ಹೆಪ್ಪುಗಟ್ಟದ ಡೀಸೆಲ್ಲನ್ನು ದಾರಿಯ ಕೂಮಾದಲ್ಲೇ ತುಂಬಿಸಬೇಕೋ ಮುಂದೆಯೋ, ಎಲ್ಲಕ್ಕೂ ಅವನ ಬಳಿ ಉತ್ತರವುಂಟು. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಅವನ ಮುಂದಿರುವ ಎರಡು ಪರದೆಗಳಲ್ಲಿ ಒಂದರ ಮೂಲೆಯಲ್ಲಿ ಹಿಮಬೆಟ್ಟವನ್ನು ನೇರವಾಗಿ ತೋರಿಸುವ ಕ್ಯಾಮೆರಾ ಚಳಿಗಾಲವಿಡೀ ತೆರೆದೇ ಇರುತ್ತದೆ.

ಇಷ್ಟೆಲ್ಲ ಬಲ್ಲ ಮನುಷ್ಯನಿಗೆ ಕಾಲಿಗೆ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಮಾತ್ರ ಬರುವುದಿಲ್ಲ. ಈ ಸಂಗತಿ ಅವನ ಹೆಂಡತಿ ಅಹಲ್ಯಾ, ಮಗಳು ಸಿಂಚನಾ, ಮಗ ಆರವ್, ಈ ಮೂವರನ್ನು ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಎಲ್ಲ ಶುರುವಾದದ್ದು ಹದಿಮೂರು ವರ್ಷಗಳ ಹಿಂದೆ, ಒಂದು ಖಾಲಿ ಹಾಳೆಯಿಂದ. ಆಗ ಏಳು ವರ್ಷದ ಸಿಂಚನಾಳ ತರಗತಿಯಲ್ಲಿ ರಜೆಯಲ್ಲಿ ಏನು ಮಾಡಿದಿರೋ ಅದರ ಚಿತ್ರ ಬರೆಯಿರಿ ಎಂದಿದ್ದರು. ಉಳಿದ ಮಕ್ಕಳು ಸ್ಕೀ, ಬೆಟ್ಟ, ಕೇಬಲ್ ಕುರ್ಚಿ ಎಂದೆಲ್ಲ ಬರೆದರೆ ಹಿಮವನ್ನೇ ಕಾಣದ ಇವಳು ಬಿಳಿ ಹಾಳೆಯನ್ನು ಹಾಗೇ ಕೊಟ್ಟು, ಇದು ಹಿಮ, ನಾನು ಅದರ ಒಳಗಿದ್ದೇನೆ ಎಂದಳಂತೆ. ಟೀಚರ್ ನಕ್ಕು ಸ್ಟಿಕರ್ ಅಂಟಿಸಿದ್ದರು. ಆ ಸ್ಟಿಕರ್ ಅಂಟಿದ ಖಾಲಿ ಹಾಳೆಯನ್ನು ನೋಡಿ ಗುರುದತ್ತನಿಗೆ ನಗು ಬರಲಿಲ್ಲ. ಅಂದೇ ಕುಳಿತು ಮುಂದಿನ ಚಳಿಗಾಲಕ್ಕೆ ಬುಕ್ ಮಾಡಿದ.

ಚಳ್ಳಕೆರೆಯ ಬಿಸಿಲಲ್ಲಿ ಬೆಳೆದವನು. ಐಸ್‌ಕ್ಯಾಂಡಿ ಡಬ್ಬಿಗಿಂತ ತಣ್ಣಗಿನ ವಸ್ತುವನ್ನು ಬಾಲ್ಯದಲ್ಲಿ ಮುಟ್ಟಿರಲಿಲ್ಲ. ಮೊದಲ ವರ್ಷ ಪೆರಿಷರ್ ಎಂಬ ಹಿಮಬೆಟ್ಟದಲ್ಲಿ ಬಾಡಿಗೆಯ ಬೂಟು ಬಿಗಿದು, ಎರಡು ಉದ್ದ ಪಟ್ಟಿಗಳ ಮೇಲೆ ನಿಂತದ್ದಷ್ಟೇ ಅವನಿಗೆ ನೆನಪು. ನೆಲ ಸಮತಟ್ಟಾಗಿದೆ ಎಂದುಕೊಂಡಿದ್ದ, ಆದರೆ ಆಸಾಮಿ ಹಿಂದುಹಿಂದಕ್ಕೆ ಜಾರತೊಡಗಿದ. ನಾಲ್ಕು ವರ್ಷದ ಬಿಳಿಯರ ಮಗುವೊಂದು "ಪಿಜ್ಜಾ! ಪಿಜ್ಜಾ ಮಾಡು!" ಎಂದು ಕೂಗಿತು. ಬೀಳುತ್ತಿರುವವನ ಮುಂದೆ ತಿಂಡಿಯ ಮಾತೇಕೆ ಎಂದು ತಬ್ಬಿಬ್ಬಾಗಿ ಟಿಕೆಟ್ ಸಾಲಿನೊಳಗೆ ನುಗ್ಗಿ ಏಳೆಂಟು ಜನರನ್ನು ಕೆಡವಿದ. ಮುಂಭಾಗ ಕೂಡಿಸಿ ಹಿಂಭಾಗ ಅಗಲಿಸಿ, ಪಟ್ಟಿಗಳನ್ನು ಪಿಜ್ಜಾ ತುಂಡಿನ ಆಕಾರಕ್ಕೆ ತಂದರೆ ವೇಗ ತಗ್ಗುತ್ತದೆ ಎಂಬುದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಬೂಟು ಬಿಚ್ಚಿಯಾಗಿತ್ತು. ಮತ್ತೆ ಅದನ್ನು ಹಾಕಲಿಲ್ಲ.

ಆ ಸಂಜೆ ಅಹಲ್ಯಾ ಅವನ ಫೋಟೋ ಒಂದನ್ನು ದಿ ಪಾಂಡ್ಸ್ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಕಪ್ಪು ಕನ್ನಡಕ, ಕೆಂಪು ಜಾಕೆಟ್, ಹೆಗಲ ಮೇಲೆ ಸ್ಕೀ. ಸ್ಕೀ ಮಗಳದ್ದು, ಹೊರಲಿಕ್ಕೆ ಕೊಟ್ಟದ್ದು. ಜನ ಅಂದುಕೊಂಡದ್ದು ಬೇರೆ. ಗುರುದತ್ತ ಎಂದೂ ಸುಳ್ಳು ಹೇಳಲಿಲ್ಲ, ನಿಜ ಹೇಳುವ ಸಂದರ್ಭ ಬರಲಿಲ್ಲ ಅಷ್ಟೇ. ಹನ್ನೆರಡು ವರ್ಷ ಬರಲಿಲ್ಲ.

ವರ್ಷವರ್ಷವೂ ಬೆಟ್ಟ ಒಂದೊಂದು ವೇಷ ತೊಟ್ಟಿತು. ಒಂದು ವರ್ಷ ಹಸಿರು ಹುಲ್ಲಿನ ನಡುವೆ ಯಂತ್ರ ಉಗುಳಿದ ಕೃತಕ ಹಿಮದ ಒಂದು ಬಿಳಿ ಪಟ್ಟೆ ಮಾತ್ರ, ಹುಲ್ಲು ಕಾಣದಂತೆ ಎಲ್ಲರೂ ಕುಕ್ಕರುಗಾಲಲ್ಲಿ ಕುಳಿತು ಫೋಟೋ ತೆಗೆಸಿಕೊಂಡರು. ಇನ್ನೊಂದು ವರ್ಷ ಬಿರುಗಾಳಿ, ಮೂರು ದಿನ ರೂಮಿನಲ್ಲಿ ಇಸ್ಪೀಟು ಮತ್ತು ಪುಳಿಯೋಗರೆ. ಮತ್ತೊಂದು ವರ್ಷ ಬೆಟ್ಟವೆಲ್ಲ ಗಾಜಿನಂತೆ ಗಟ್ಟಿ, ಆರವ್ ಮೊಣಕೈ ತರಚಿಕೊಂಡ. ಸೊಂಟದೆತ್ತರ ಹೊಸ ಹಿಮ ಬಿದ್ದ ವರ್ಷ ಅಹಲ್ಯಾಳಿಗೆ ಜ್ವರ. ಎಲ್ಲ ವರ್ಷಗಳಲ್ಲೂ ಬದಲಾಗದ ದೃಶ್ಯ ಒಂದೇ. ಕೇಬಲ್ ಕುರ್ಚಿಗಳು ಮೇಲಕ್ಕೆ ಹೋಗುವ ಕಡೆ, ಚಪಾತಿ ರೋಲಿನ ಚೀಲ ಹಿಡಿದು, ಮಂಕಿ ಕ್ಯಾಪ್ ತೊಟ್ಟು, ಮೇಲಿಂದ ಮಗಳು ಬರುವುದನ್ನು ಕಾಯುತ್ತ ನಿಂತ ಗುರುದತ್ತ. ಸಿಂಚನಾ ಮಾತ್ರ ಹುಲ್ಲಿರಲಿ, ಗಾಜಿರಲಿ, ಕೆಸರಿರಲಿ, ಎಲ್ಲದರ ಮೇಲೂ ಇಳಿದುಬರುತ್ತಿದ್ದಳು.

ಇವರ ಮನೆಯ ಹೆಸರುಗಳ ವಿಚಾರವನ್ನೂ ಇಲ್ಲೇ ಹೇಳಿಬಿಡಬೇಕು. ಗುರುದತ್ತನ ಅಪ್ಪ ತಿಪ್ಪೇಸ್ವಾಮಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ತೂಗುವ ಕೆಲಸದವರು. ಮನೆತನದ ಹೆಸರು ಎಂಬುದೊಂದು ಆ ಮನೆಯಲ್ಲಿ ಇರಲೇ ಇಲ್ಲ. ಪಾಸ್‌ಪೋರ್ಟಿನ ಫಾರಂ ಸರ್‌ನೇಮ್ ಕೇಳಿದಾಗ ಅಪ್ಪನ ಹೆಸರು ಬರೆದ. ಅಂದಿನಿಂದ ಆಫೀಸಿನ ಬಿಳಿಯರಿಗೆ ಅವನು ಥಿಪ್ಪಿ. ಮಕ್ಕಳು ಹುಟ್ಟಿದಾಗ ಅದೇ ಪ್ರಕಾರ ಅವರ ಹೆಸರಿನ ಮುಂದೆ ಗುರುದತ್ತ ಎಂದು ಬರೆದ. ಅಹಲ್ಯಾ ತನ್ನ ಅಪ್ಪ ರಾಜಣ್ಣನ ಹೆಸರನ್ನು ಬಿಟ್ಟುಕೊಡಲಿಲ್ಲ. ಹೀಗಾಗಿ ಆ ಮನೆಯ ಅಂಚೆಪೆಟ್ಟಿಗೆಗೆ ತಿಪ್ಪೇಸ್ವಾಮಿ, ರಾಜಣ್ಣ, ಗುರುದತ್ತ ಎಂಬ ಮೂರು ಮನೆತನಗಳ ಕಾಗದಗಳು ಬರುತ್ತವೆ. ಅಂಚೆಯವಳು ಇದು ಬಾಡಿಗೆದಾರರು ಕೂಡಿ ಇರುವ ಮನೆ ಎಂದೇ ಬಹಳ ದಿನ ತಿಳಿದಿದ್ದಳು.

ಕಳೆದ ವರ್ಷದ ಪ್ರವಾಸದಲ್ಲಿ ಆ ಮಾತು ನಡೆಯಿತು. ಸಿಂಚನಾ ಆಗ ಮೆಲ್ಬರ್ನ್‌ನಲ್ಲಿ ಫಿಸಿಯೋಥೆರಪಿ ಓದಲು ಸೇರಿ ನಾಲ್ಕು ತಿಂಗಳಾಗಿತ್ತು. ಮಳೆ ಬಿದ್ದು ಹಿಮವೆಲ್ಲ ರವೆಗಂಜಿಯಾಗಿತ್ತು. ಕೆಳಗೆ ಬಂದು ನಿಂತವಳಿಗೆ ಗುರುದತ್ತ ಚಪಾತಿ ರೋಲು ಚಾಚಿದ. ಅವಳು ತೆಗೆದುಕೊಳ್ಳದೆ ಅವನ ನೆಂದ ಬೂಟುಗಳನ್ನೇ ನೋಡುತ್ತ ಕೇಳಿದಳು.

"ಅಪ್ಪ, ನೀನ್ಯಾಕೆ ಬರ್ತೀಯ? ಸೀರಿಯಸ್ಲಿ."

"ನಿಮಗೋಸ್ಕರ ಕಣಮ್ಮ, ಇನ್ಯಾರಿಗೆ?"

"ನನಗೋಸ್ಕರ ಬೇಡ, ಪ್ಲೀಸ್. ನೀನು ಇಲ್ಲಿ ನಿಂತ್ಕೊಂಡು ನಡುಗ್ತಿದ್ರೆ ನಂಗೆ ಗಿಲ್ಟಿ ಆಗುತ್ತೆ."

ಈ ಮಾತನ್ನು ಮಗಳು ಪ್ರೀತಿಯಿಂದ ಅಂದಳೋ, ತಾತ್ಸಾರದಿಂದ ಅಂದಳೋ ಎಂದು ಒಂದು ವರ್ಷ ಯೋಚಿಸಿದರೂ ಬಗೆಹರಿಯಲಿಲ್ಲ. ಈ ವರ್ಷ ಜುಲೈ ರಜೆಗೆ ಬರುತ್ತೀಯಾ ಎಂದರೆ, ಆಸ್ಪತ್ರೆಯಲ್ಲಿ ಮೂರು ವಾರದ ತರಬೇತಿ, ಪ್ಲೇಸ್‌ಮೆಂಟ್ ಇದೆ, ಆಗಲ್ಲ ಎಂದಳು. ಆರವ್‌ಗೆ ಈಗ ಹದಿಮೂರು, ಅಕ್ಕ ಬರದಿದ್ದರೆ ತಾನೂ ಬರುವುದಿಲ್ಲ ಎಂದ. ವೆಸ್ಟ್‌ಮೀಡ್ ಆಸ್ಪತ್ರೆಯ ಲ್ಯಾಬಿನಲ್ಲಿ ವಾರವಿಡೀ ನಿಂತು ದಣಿಯುವ ಅಹಲ್ಯಾ, "ಬಿಡ್ರಿ, ಈ ವರ್ಷ ಮನೇಲೇ ಬೆಚ್ಚಗಿರೋಣ," ಎಂದಳು. ಹೀಗೆ ಹನ್ನೆರಡು ವರ್ಷದ ಪದ್ಧತಿ ಒಂದೇ ಊಟದ ಹೊತ್ತಿನಲ್ಲಿ ಮುಗಿಯುವ ಹಂತಕ್ಕೆ ಬಂತು.

ಅದು ಮುಗಿದರೆ ಮಗಳು ವರ್ಷಕ್ಕೊಮ್ಮೆ ಕೈಗೆ ಸಿಗುವ ನಾಲ್ಕು ದಿನವೂ ಹೋಯಿತು ಎಂದು ಗುರುದತ್ತನಿಗೆ ಗೊತ್ತಿತ್ತು. ಆಗ ಅವನಿಗೊಂದು ಉಪಾಯ ಹೊಳೆಯಿತು. ಗುಟ್ಟಾಗಿ ಸ್ಕೀ ಕಲಿಯುವುದು. ಕಲಿತು, ಇಳಿಜಾರು ಇಳಿಯುವ ವಿಡಿಯೋ ತೆಗೆಸಿ, ಸಿಂಚನಾಳಿಗೆ ಕಳಿಸಿ, ಬಾ, ಈ ಸಲ ನಾನು ಕೆಳಗೆ ನಿಲ್ಲುವುದಿಲ್ಲ, ನಿನ್ನ ಜೊತೆ ಇಳಿಯುತ್ತೇನೆ ಎನ್ನುವುದು. ನಲವತ್ತೆಂಟರ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಅವನಿಗೇ ಅನಿಸಿತು. ಆದರೂ ಆಫೀಸಿನವರು ಜೂನ್ ಕೊನೆಯ ಎರಡು ವಾರ ಮೆಲ್ಬರ್ನ್‌ಗೆ ಹೋಗಿ ಬಾ ಎಂದಾಗ, ಅಲ್ಲಿಂದ ಬಸ್ಸಿನಲ್ಲಿ ಮೂರೂವರೆ ಗಂಟೆ ದೂರದ ಮೌಂಟ್ ಬುಲ್ಲರ್ ಹಿಮಬೆಟ್ಟದಲ್ಲಿ, ಶನಿವಾರಕ್ಕೆ, ಮೊದಲ ಸಲದವರ ಪಾಠವೊಂದನ್ನು ಬುಕ್ ಮಾಡಿಬಿಟ್ಟ.

ಹೊರಡುವ ದಿನ ಅಹಲ್ಯಾ ಒಂದು ಡಬ್ಬಿ ಕೋಡುಬಳೆ ಕೊಟ್ಟಳು. ಅದರ ಜೊತೆಗೆ ಸಿಂಚನಾಳ ಎರಡು ಜೊತೆ ಉಣ್ಣೆಯ ಕಾಲುಚೀಲ.

"ಇದ್ಯಾಕೆ?" ಎಂದ ಗುರುದತ್ತ.

"ಇರ್ಲಿ ಇಟ್ಕೊಳ್ರಿ. ಅವಳು ಸಿಕ್ರೆ ಕೊಡಿ."

ಮೆಲ್ಬರ್ನ್‌ನಲ್ಲಿ ಸಿಗುವ ಕಾಲುಚೀಲವನ್ನು ಸಿಡ್ನಿಯಿಂದ ಹೊರುವುದೇಕೆಂದು ಅವನಿಗೆ ತಿಳಿಯಲಿಲ್ಲ. ಸಿಕ್ಕರೆ ಎಂದರೇನು ಎಂಬುದೂ ತಿಳಿಯಲಿಲ್ಲ. ಎರಡು ವಾರ ಅದೇ ಊರಿನಲ್ಲಿರುವ ಅಪ್ಪನಿಗೆ ಮಗಳು ಸಿಗದೆ ಎಲ್ಲಿ ಹೋದಾಳು.

ಆದರೆ ಸಿಗಲೇ ಇಲ್ಲ. ಪ್ಲೇಸ್‌ಮೆಂಟ್ ಊರಾಚೆ ಹಾಕಿದ್ದಾರೆ, ಸಿಗ್ನಲ್ ಸರಿಯಿಲ್ಲ, ಸಾರಿ ಅಪ್ಪ ಎಂದು ಮೆಸೇಜು ಬಂತು. ಬುಧವಾರ ಸಂಜೆ ಕೋಡುಬಳೆಯನ್ನಾದರೂ ಇಟ್ಟು ಬರೋಣವೆಂದು ಅವನು ಫುಟ್ಸ್‌ಕ್ರೇಯ ಅವಳ ಬಾಡಿಗೆ ಮನೆಗೆ ಹೋದ. ಜೊತೆಗಿರುವ ಹುಡುಗಿ ಬಾಗಿಲು ತೆರೆದು, "ಸಿಂಚನಾ? ಅವಳು ಅಕ್ಟೋಬರ್‌ಗೆ ವಾಪಸ್ ಬರೋದು," ಎಂದಳು. ಇವನು ಯಾರೆಂದು ತಿಳಿದ ಮೇಲೆ ಅವಳ ಮುಖ ಹುಳ್ಳಗಾಯಿತು. ನೀವು ಅವಳನ್ನೇ ಕೇಳಿದರೆ ಒಳ್ಳೆಯದು ಎಂದು ಬಾಗಿಲು ಮುಚ್ಚಿದಳು.

ಮೂರು ವಾರದ ಪ್ಲೇಸ್‌ಮೆಂಟ್ ಅಕ್ಟೋಬರ್‌ವರೆಗೆ ಹೇಗೆ ಬೆಳೆಯಿತು? ಗುರುದತ್ತನಿಗೆ ತಲೆಬುಡ ತಿಳಿಯಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಎಲ್ಲಾ ಆರಾಮ್, ಬ್ಯುಸಿ ಎಂದು ಮೆಸೇಜು, ಕೊನೆಗೊಂದು ಕೆಂಪು ಹೃದಯ. ಅಹಲ್ಯಾಳಿಗೆ ಹೇಳಿದರೆ ಗಾಬರಿಯಾದಾಳು ಎಂದು ಹೇಳದೆ ನುಂಗಿಕೊಂಡ. ಪಾಠಕ್ಕೆ ಹೋಗುವುದೋ ಬೇಡವೋ ಎಂದು ಎರಡು ದಿನ ತೂಗಾಡಿ, ರದ್ದು ಮಾಡಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಶನಿವಾರ ನಸುಕಿನಲ್ಲಿ ಬಸ್ಸು ಹತ್ತಿದ.

ಮ್ಯಾನ್ಸ್‌ಫೀಲ್ಡ್ ದಾಟುವಾಗ ಮಳೆ ಹಿಡಿಯಿತು. ಬೆಟ್ಟದ ಮೇಲೆ ಅದು ಮಳೆಯೂ ಅಲ್ಲ ಹಿಮವೂ ಅಲ್ಲ, ಮುಖಕ್ಕೆ ರಾಚುವ ತೇವ. ನಿಜವಾದ ಹಿಮ ಮರದ ಬುಡಗಳಲ್ಲಿ ಒಂದಿಷ್ಟು, ಇಳಿಜಾರಿನ ಮೇಲೆ ಯಂತ್ರದ್ದು ಒಂದಿಷ್ಟು. ಇಂಥ ದಿನ ಹೋಗಲೇಬೇಡಿ ಎಂದು ದಿ ಪಾಂಡ್ಸ್‌ನವರಿಗೆಲ್ಲ ಹೇಳುವವನು ತಾನೇ ಬಂದು ನಿಂತಿದ್ದ. ಬಾಡಿಗೆಯ ಬೂಟು, ಪ್ಯಾಂಟು, ಕನ್ನಡಕ ಎಲ್ಲ ಏರಿಸಿ, ಕಿವಿಗೆ ಗಾಳಿ ಹೋಗದಿರಲೆಂದು ಮಂಕಿ ಕ್ಯಾಪ್ ತೊಟ್ಟು ಅದರ ಮೇಲೆ ಹೆಲ್ಮೆಟ್ ಒತ್ತಿದ. ಆಮೇಲೆ ಸ್ಕೀ ಶಾಲೆಯ ಫಲಕದ ಮುಂದೆ ಹೋಗಿ ತನ್ನ ತರಗತಿ ಯಾವುದೆಂದು ಹುಡುಕಿದ.

ಮೊದಲ ಸಲದವರು, ವಯಸ್ಕರು. ಹತ್ತೂವರೆ. ಮೂರನೇ ಬಾವುಟ. ಕಲಿಸುವವರು: ಗುರುದತ್ತ.

ಕನ್ನಡಕ ಎತ್ತಿ ಮತ್ತೆ ಓದಿದ. ಒರೆಸಿ ಮೂರನೇ ಸಲ ಓದಿದ. ಅದೇ ಇತ್ತು, ದಪ್ಪ ಅಕ್ಷರಗಳಲ್ಲಿ. ಹನ್ನೆರಡು ವರ್ಷ ಬಚ್ಚಿಟ್ಟದ್ದು ಹೀಗೆ ತಿರುಗಿಬಿತ್ತೇ, ದಿ ಪಾಂಡ್ಸ್‌ನ ಕೀರ್ತಿ ಇಲ್ಲಿಯವರೆಗೆ ಬಂದು ತನ್ನನ್ನೇ ಕಲಿಸುವವನನ್ನಾಗಿ ಹಾಕಿಬಿಟ್ಟರೇ! ಅಸಂಬದ್ಧವೆಂದು ಗೊತ್ತಿದ್ದರೂ ಆ ಕ್ಷಣಕ್ಕೆ ಬೇರೆ ಯಾವ ವಿವರಣೆಯೂ ಹೊಳೆಯಲಿಲ್ಲ. ಮೊಣಕಾಲು ಬಾಗದ ಬೂಟಿನಲ್ಲಿ ದಪದಪ ನಡೆದು ಕೌಂಟರಿಗೆ ಹೋದ.

"ಏನೋ ತಪ್ಪಾಗಿದೆ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. "ನಾನು ಗುರುದತ್ತ. ನನಗೆ ಕಲಿಸಲು ಬರುವುದಿಲ್ಲ. ನಾನು ಕಲಿಯಲು ಬಂದವನು."

ಕೌಂಟರಿನ ಹೆಂಗಸು ಪಟ್ಟಿ ನೋಡಿದಳು. "ಬುಕಿಂಗ್‌ನಲ್ಲಿ ನಿಮ್ಮ ಹೆಸರೇನು?"

"ತಿಪ್ಪೇಸ್ವಾಮಿ."

"ಸರಿಯಾಗಿದೆಯಲ್ಲ. ಥಿಪ್‌ಸ್ವಾಮಿ, ಕಲಿಯುವವರು. ಗುರುಡಾಟಾ, ಕಲಿಸುವವರು."

"ಆದರೆ ಗುರುದತ್ತ ನಾನೇ."

ಅವಳು ಅವನನ್ನು ಕನಿಕರದಿಂದ ನೋಡಿದಳು. ಬಸ್ಸಿನಲ್ಲಿ ಬಂದವರು ಏನಾದರೂ ತಿಂದಿರೋ ಇಲ್ಲವೋ ಎಂದು ವಿಚಾರಿಸಿದಳು. ಮೂರನೇ ಬಾವುಟದ ಹತ್ತಿರ ಹೋಗಿ ನಿಂತರೆ ಎಲ್ಲ ಸರಿಹೋಗುತ್ತದೆ ಎಂದಳು.

ಬಾವುಟದ ಕೆಳಗೆ ಇನ್ನೂ ನಾಲ್ವರು ನಿಂತಿದ್ದರು. ಅವರಲ್ಲೊಬ್ಬಳು ಅವನ ವಯಸ್ಸಿನವಳೇ, ಬೂಟು ಕಚ್ಚುತ್ತಿದೆ ಎಂದು ಮುಖ ಹಿಂಡುತ್ತಿದ್ದಳು. ಕಲಿಸುವವಳು ಮೇಲಿನಿಂದ ಜಾರಿಬಂದು ಚಕ್ಕನೆ ಓರೆಯಾಗಿ ನಿಂತಳು. ಹೆಲ್ಮೆಟ್, ಕಪ್ಪು ಕನ್ನಡಕ, ಮೂಗಿನವರೆಗೆ ಏರಿಸಿದ ಕುತ್ತಿಗೆಪಟ್ಟಿ. ಕಾಣುವ ಮುಖವೇ ಇಲ್ಲ. ಜೇಬಿನಿಂದ ಒದ್ದೆ ಪಟ್ಟಿ ತೆಗೆದು ಒಂದೊಂದೇ ಹೆಸರು ಓದತೊಡಗಿದಳು.

ನಾಲ್ಕು ಹೆಸರಾದವು. ಐದನೆಯದಕ್ಕೆ ಅವಳು, "ತಿಪ್ಪೇಸ್ವಾಮಿ," ಎಂದಳು.

ಗುರುದತ್ತ ತಲೆಯೆತ್ತಿದ. ಹದಿನೆಂಟು ವರ್ಷಗಳಲ್ಲಿ ಈ ದೇಶದ ಯಾವ ಡಾಕ್ಟರೂ, ಯಾವ ಮ್ಯಾನೇಜರೂ, ಯಾವ ಪೊಲೀಸನೂ ಆ ಹೆಸರನ್ನು ಹಾಗೆ ಕರೆದಿರಲಿಲ್ಲ. ಚಳ್ಳಕೆರೆಯ ಮಿಲ್ಲಿನ ಗೇಟಿನಲ್ಲಿ ಕೂಗಿದ ಹಾಗೆಯೇ ಇತ್ತು. ಕಲಿಸುವವಳೂ ಅಲ್ಲಿಗೇ ನಿಂತುಬಿಟ್ಟಿದ್ದಳು. ಪಟ್ಟಿಯಲ್ಲಿ ತನ್ನ ತಾತನ ಹೆಸರು ಯಾಕಿದೆ ಎಂದು ಅದನ್ನೇ ನೋಡುತ್ತಿದ್ದಳು. ಆಮೇಲೆ ಮುಂದೆ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಹೆಲ್ಮೆಟ್ಟಿನ ಅಂಚಿನಿಂದ ಇಣುಕುವ ಕಂದು ಬಣ್ಣದ ಮಂಕಿ ಕ್ಯಾಪಿನ ಮೇಲೆ ಕಣ್ಣು ನಿಲ್ಲಿಸಿದಳು. ನಿಧಾನವಾಗಿ ಕಪ್ಪು ಕನ್ನಡಕ ಮೇಲೆತ್ತಿದಳು.

"ಅಪ್ಪ?"

ಸಿಂಚನಾ. ಆಸ್ಪತ್ರೆಯಲ್ಲಿರಬೇಕಾದ ಸಿಂಚನಾ. ಕೆಂಪು ಜಾಕೆಟ್ಟಿನ ಎದೆಯ ಮೇಲೆ ಸ್ಕೀ ಶಾಲೆಯ ಗುರುತು.

ಅಪ್ಪನೂ ಮಗಳೂ ಕಕ್ಕಾಬಿಕ್ಕಿಯಾಗಿ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಕಳ್ಳತನವೂ ಒಂದೇ ಗಳಿಗೆಯಲ್ಲಿ ಸಿಕ್ಕಿಬಿದ್ದಿತ್ತು, ಯಾರು ಯಾರನ್ನು ಬೈಯಬೇಕು ಎಂಬುದೇ ತಿಳಿಯದಂತಾಗಿತ್ತು. ಉಳಿದ ನಾಲ್ವರು ಪಾಠ ಶುರುವಾಗಲೆಂದು ಕಾಯುತ್ತಿದ್ದರು. ಮೊದಲು ಸುಧಾರಿಸಿಕೊಂಡವಳು ಸಿಂಚನಾ.

"ಮಂಕಿ ಕ್ಯಾಪ್ ತೆಗಿ ಅಪ್ಪ," ಎಂದಳು. "ಹೆಲ್ಮೆಟ್ ಒಳಗೆ ಅದನ್ನ ಹಾಕೋ ಹಾಗಿಲ್ಲ. ಸೇಫ್ ಅಲ್ಲ."

ಅವನು ತೆಗೆದ. ಯಾಕೆ ತೆಗೆದೆ ಎಂದು ಈಗ ಕೇಳಿದರೂ ಅವನಿಗೆ ಹೇಳಲಾಗದು. ಬೈಯಬೇಕೆಂದು ಬಾಯಿ ತೆರೆದವನು ಸುಮ್ಮನೆ ಟೋಪಿ ತೆಗೆದು ಜೇಬಿಗಿಟ್ಟುಕೊಂಡ.

ಪಾಠ ನಡೆಯಿತು. ಮೊದಲು ಒಂದೇ ಕಾಲಿಗೆ ಸ್ಕೀ ಕಟ್ಟಿ ಸುತ್ತು ಹೊಡೆಯುವುದು, ಆಮೇಲೆ ಇನ್ನೊಂದು ಕಾಲಿಗೆ, ಆಮೇಲೆ ಎರಡಕ್ಕೂ. ಗುರುದತ್ತ ಮೂರು ಸಲ ಬಿದ್ದ. ಮೂರು ಸಲವೂ ಅವಳು ಕೈ ಹಿಡಿದು ಎತ್ತಲಿಲ್ಲ, ಪಕ್ಕಕ್ಕೆ ಹೊರಳಿ ಹೇಗೆ ಏಳಬೇಕೆಂದು ನಿಂತು ಹೇಳಿಕೊಟ್ಟಳು. ಎರಡನೆಯ ಸಲ ಬಿದ್ದಲ್ಲಿಂದಲೇ ಅವನು ಪಿಸುಗುಟ್ಟಿದ.

"ಪ್ಲೇಸ್‌ಮೆಂಟ್ ಎಲ್ಲೇ?"

"ಕ್ಲಾಸ್ ಆದ್ಮೇಲೆ, ಅಪ್ಪ. ಮೊದ್ಲು ಮಂಡಿ ಬಗ್ಗಿಸು."

"ನಿಮ್ಮಮ್ಮಂಗೆ ಏನಂತ ಹೇಳ್ಲಿ ನಾನು?"

"ಮಂಡಿ, ಅಪ್ಪ!"

ಅವನಿಗೆ ಸಿಟ್ಟು ಬರಬೇಕಿತ್ತು. ಬರುತ್ತದೆ, ಇನ್ನೇನು ಬಂತು ಎಂದು ಕಾದ. ಅಷ್ಟರಲ್ಲಿ ಬೂಟು ಕಚ್ಚುತ್ತಿದ್ದ ಹೆಂಗಸು, ನನ್ನಿಂದಾಗದು, ನಾನು ಬಸ್ಸಿನಲ್ಲಿ ಕೂರುತ್ತೇನೆ ಎಂದು ಅಳತೊಡಗಿದಳು. ಸಿಂಚನಾ ಆ ಒದ್ದೆ ಹಿಮದಲ್ಲಿ ಮಂಡಿಯೂರಿ ಕುಳಿತು, ಅವಳ ಬೂಟಿನ ಒಂದೊಂದು ಕೊಂಡಿಯನ್ನೂ ಬಿಚ್ಚಿ, ಮುದುಡಿದ್ದ ಕಾಲುಚೀಲ ಸರಿಮಾಡಿ, ಮತ್ತೆ ಒಂದೊಂದನ್ನೇ ಹಾಕಿದಳು. ಎಷ್ಟು ಹೊತ್ತಾದರೂ ಆತುರಪಡಲಿಲ್ಲ. ಮನೆಯಲ್ಲಿ ಒಂದು ಲೋಟ ತೊಳೆ ಎಂದರೆ ಬಾಗಿಲು ದಡಾರನೆ ಹಾಕಿಕೊಳ್ಳುತ್ತಿದ್ದವಳು ಇವಳೇ ಏನು? ಗುರುದತ್ತ ಸಿಟ್ಟನ್ನು ಕಾಯುವುದು ಮರೆತು ನೋಡುತ್ತ ನಿಂತ. ಆ ಹೆಂಗಸು ಕಣ್ಣೊರೆಸಿಕೊಂಡು ಎದ್ದು ನಿಂತಾಗ ಅವನಿಗೆ ಹೆಮ್ಮೆಯಾಯಿತು. ಇದು ಹೆಮ್ಮೆಪಡಬೇಕಾದ ವಿಷಯವೇ ಎಂದು ಕೂಡಲೇ ಗೊಂದಲವೂ ಆಯಿತು.

ಕೊನೆಗೆ ಇಳಿಜಾರು. ಇಳಿಜಾರೆಂದರೆ ದೊಡ್ಡದಲ್ಲ, ಮದುವೆ ಛತ್ರದ ಊಟದ ಹಾಲಿನಷ್ಟು ಉದ್ದ. ನಾಲ್ವರೂ ಇಳಿದರು. ಮೇಲೆ ಉಳಿದವನು ಗುರುದತ್ತ. ಕೆಳಗೆ ನೋಡಿದವನು ಅಲ್ಲೇ ನಿಂತುಬಿಟ್ಟ.

ಸಿಂಚನಾ ಅವನ ಮುಂದೆ ಬಂದು, ಇಳಿಜಾರಿಗೆ ಬೆನ್ನು ಮಾಡಿ, ಎರಡೂ ಕೈ ಚಾಚಿ ನಿಂತಳು. "ನನ್ನನ್ನೇ ನೋಡು. ಕಾಲು ನೋಡ್ಬೇಡ. ಪಿಜ್ಜಾ ಮಾಡು ಅಪ್ಪ, ದೊಡ್ಡ ಪಿಜ್ಜಾ." ಹಾಗೆನ್ನುತ್ತ ಹಿಂದುಹಿಂದಕ್ಕೆ ಜಾರಿದಳು. ಅವಳು ಎಷ್ಟು ಹಿಂದೆ ಹೋದಳೋ ಅವನು ಅಷ್ಟು ಮುಂದೆ ಬಂದ. ಪಿಜ್ಜಾ ಆಯಿತು, ಕೆಟ್ಟಿತು, ಮತ್ತೆ ಆಯಿತು. ಕಿವಿಯಲ್ಲಿ ಗಾಳಿ ತುಂಬಿತು. ನಡುವೆ ಎಲ್ಲೋ ಅವಳು ಕೈ ಹಿಂದಕ್ಕೆ ತೆಗೆದುಕೊಂಡದ್ದು ಅವನಿಗೆ ಗೊತ್ತಾಗಲಿಲ್ಲ. ಕೆಳಗೆ ನಿಂತಾಗ ಬಾಯಿ ತಾನಾಗಿ ನಗುತ್ತಿತ್ತು. ಇಷ್ಟು ಖುಷಿ ಅವನಿಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಪಾಠ ಮುಗಿದ ಮೇಲೆ ಇಬ್ಬರೂ ಕ್ಯಾಂಟೀನಿನ ಹೊರಗೆ, ಸೂರಿನ ಕೆಳಗಿನ ಬೆಂಚಿನಲ್ಲಿ ಕುಳಿತರು. ಗುರುದತ್ತ ಕೋಡುಬಳೆಯ ಡಬ್ಬಿ ತೆಗೆದ. ಅವಳು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ಆರು ತಿಂಗಳು ಲೀವ್ ತಗೊಂಡಿದೀನಿ," ಎಂದಳು ಸಿಂಚನಾ. "ಬಿಟ್ಟಿಲ್ಲ. ಬಿಡ್ತೀನೋ ಏನೋ. ಐ ಡೋಂಟ್ ನೋ, ಅಪ್ಪ. ನಂಗೂ ಗೊತ್ತಿಲ್ಲ."

"ಹೇಳ್ಬಹುದಿತ್ತಲ್ಲ?"

"ನೀನು ಯಾಕೆ ಹೇಳ್ಲಿಲ್ಲ, ಇಲ್ಲಿಗೆ ಬರ್ತೀನಿ ಅಂತ?"

ಅವನು ಡಬ್ಬಿಯನ್ನು ಅವಳತ್ತ ಸರಿಸಿದ. ಅವಳೇ ಮುಂದುವರಿಸಿದಳು. "ನಂಗೆ ನಿನ್ನ ಭಯ ಅಲ್ಲ. ನೀನು ಅಲ್ಲಿ ಎಲ್ಲಾ ಅಂಕಲ್ ಆಂಟಿಗಳಿಗೆ ಏನಂತ ಹೇಳ್ತೀಯ ಅಂತ. ಮಗಳು ಫಿಸಿಯೋ ಬಿಟ್ಟು ಸ್ಕೀ ಕಲಿಸ್ತಿದಾಳೆ ಅಂತ ಹೇಳಕ್ಕೆ ನಿಂಗೆ ಶೇಮ್ ಆಗುತ್ತೆ. ಅದನ್ನ ನೋಡಕ್ಕೆ ನಂಗೆ ಆಗಲ್ಲ."

"ನಿಮ್ಮಮ್ಮ ಏನಂತಾಳೋ," ಎಂದ ಗುರುದತ್ತ, ಮಾತು ತಪ್ಪಿಸುತ್ತ.

"ಅಮ್ಮಂಗೆ ಗೊತ್ತು."

"ಏನು?"

"ಏಪ್ರಿಲ್‌ನಿಂದ ಗೊತ್ತು. ಆರವ್‌ಗೂ ಗೊತ್ತು."

ಗುರುದತ್ತ ಚೀಲದೊಳಗೆ ಕೈಹಾಕಿ ಉಣ್ಣೆಯ ಕಾಲುಚೀಲಗಳನ್ನು ತೆಗೆದು ಅವುಗಳನ್ನೇ ನೋಡಿದ. ತನಗೆ ಸ್ಕೀ ಬಾರದೆಂಬ ಗುಟ್ಟನ್ನು ಮನೆಯ ಮೂವರು ಕಾಪಾಡಿದ್ದರು. ಅದೇ ಮೂವರು ಇನ್ನೊಂದು ಗುಟ್ಟನ್ನು ಅವನಿಗೇ ತಿಳಿಯದಂತೆ ಕಾಪಾಡಿದ್ದರು. ಅವನಿಗೆ ನೋವಾಯಿತು. ತನ್ನ ಮುಂದೆ ಹೇಳಲಾರದ ಹಾಗೆ ತಾನು ಯಾವಾಗ ಆದೆ ಎಂದು ಹುಡುಕಿದ, ಸಿಗಲಿಲ್ಲ. ಕಾಲುಚೀಲಗಳನ್ನು ಮಗಳ ತೊಡೆಯ ಮೇಲಿಟ್ಟ.

"ಪ್ರತಿ ವರ್ಷ ಕೆಳಗೆ ನಿಂತ್ಕೋತಿದ್ದೆಯಲ್ಲ," ಎಂದಳು ಅವಳು, ತಗ್ಗಿದ ದನಿಯಲ್ಲಿ. "ನಿಂಗೆ ಹಿಮ ಅಂದ್ರೆ ಆಗಲ್ಲ ಅಂದ್ಕೊಂಡಿದ್ದೆ."

"ಭಯ ಕಣೇ," ಎಂದ ಗುರುದತ್ತ. ಈ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಬಿದ್ರೆ ಜನ ನಗ್ತಾರೆ ಅಂತ ಭಯ."

ಆಗ ಫೋನು ಬಡಿದುಕೊಂಡಿತು. ಅವರ ಬೀದಿಯ ಇಂದ್ರೇಶ್, ವಿಡಿಯೋ ಕಾಲ್. ಹೊಸದಾಗಿ ಮನೆ ಕೊಂಡವನು, ಇವತ್ತು ಅವನಲ್ಲಿ ಸತ್ಯನಾರಾಯಣ ಪೂಜೆ. ಬರುವ ರಜೆಯ ಎರಡನೇ ವಾರ ಅವರ ಕುಟುಂಬದ ಮೊದಲ ಹಿಮಪ್ರವಾಸ, ಎಲ್ಲವೂ ಗುರುದತ್ತನ ಸಲಹೆಯಂತೆ. ಗಾಬರಿಯಲ್ಲಿ ಬೆರಳು ಜಾರಿ ಕಾಲ್ ತೆಗೆದುಕೊಂಡಿತು. ಪರದೆಯ ತುಂಬ ಇಂದ್ರೇಶನ ಮುಖ, ಹಿಂದೆ ಬಾಳೆಎಲೆಯ ಮುಂದೆ ಕುಳಿತ ಶ್ರೀನಾಥ್, ಅಜಯ್, ವೇದಾವತಿ ಆಂಟಿ, ಹೀಗೆ ಅರ್ಧ ದಿ ಪಾಂಡ್ಸ್. ಇನ್ನೂ ಹಿಂದೆ ಕೋಸಂಬರಿ ಬಡಿಸುತ್ತಿರುವ ಅಹಲ್ಯಾ.

"ಸರ್! ಬೆಟ್ಟದ ಮೇಲೇ ಇದೀರಾ? ನೋಡ್ರೋ, ಸ್ನೋ ಗುರುದತ್ ಸರ್ ಆಫೀಸ್ ಕೆಲ್ಸಕ್ಕೆ ಅಂತ ಹೋಗಿ ಸ್ಕೀ ಮಾಡ್ತಿದಾರೆ!" ಪಂಕ್ತಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. "ಹೆಂಗಿದೆ ಸರ್ ಹಿಮ? ಎರಡನೇ ವಾರ ಹೋಗ್ಬಹುದಾ, ಕ್ಯಾನ್ಸಲ್ ಮಾಡ್ಲಾ?"

ಪಕ್ಕದಲ್ಲಿ ಸಿಂಚನಾ ಕುತ್ತಿಗೆಪಟ್ಟಿಯನ್ನು ಮೂಗಿನವರೆಗೆ ಎಳೆದುಕೊಂಡು, ಪರದೆಯಲ್ಲಿ ಕಾಣದ ಹಾಗೆ ಬೆಂಚಿನ ಆ ತುದಿಗೆ ಸರಿದಳು. ಅಪ್ಪನಿಗೆ ಅವಮಾನವಾಗದಿರಲಿ ಎಂದು ಸರಿದಳು. ಗುರುದತ್ತ ಅದನ್ನು ನೋಡಿದ. ಸರಿಯೋ ತಪ್ಪೋ ಎಂದು ಯೋಚಿಸಿದ್ದರೆ ಅವನು ಮಾತಾಡುತ್ತಿರಲಿಲ್ಲ. ಯೋಚಿಸಲಿಲ್ಲ.

"ನಂಗೆ ಸ್ಕೀ ಬರಲ್ಲ, ಇಂದ್ರೇಶ್," ಎಂದ.

"ಏನ್ ಸರ್?"

"ಬರಲ್ಲ ಕಣಯ್ಯ. ಯಾವತ್ತೂ ಬರ್ತಿರ್ಲಿಲ್ಲ. ಇವತ್ತೇ ಮೊದಲ್ನೇ ಪಾಠ, ಮೂರು ಸಲ ಬಿದ್ದೆ. ಹಿಮದ ವಿಷ್ಯ ನನ್ನ ಕೇಳ್ಬೇಡ, ನಮ್ ಟೀಚರ್‌ನ ಕೇಳು." ಫೋನನ್ನು ಬೆಂಚಿನ ಆ ತುದಿಗೆ ತಿರುಗಿಸಿದ. "ಸಿಂಚನಾ. ಓದು ಆರು ತಿಂಗಳು ನಿಲ್ಸಿದಾಳೆ. ಇಲ್ಲಿ ಸ್ಕೀ ಕಲಿಸ್ತಿದಾಳೆ. ಚೆನ್ನಾಗಿ ಕಲಿಸ್ತಾಳೆ."

ಅಹಲ್ಯಾ ಸೌಟು ಹಿಡಿದ ಕೈಯ ಹಿಂಭಾಗದಿಂದ ಕಣ್ಣೊರೆಸಿಕೊಂಡದ್ದು ಪರದೆಯ ಮೂಲೆಯಲ್ಲಿ ಪುಟ್ಟದಾಗಿ ಕಂಡಿತು. ಸಿಂಚನಾ ಅಪ್ಪನನ್ನು ನೋಡಿದಳು, ಫೋನನ್ನು ನೋಡಿದಳು, ಕುತ್ತಿಗೆಪಟ್ಟಿಯನ್ನು ಕೆಳಕ್ಕೆಳೆದಳು.

"ಹಾಯ್ ಅಂಕಲ್," ಎಂದಳು. "ಇವತ್ತು ಮಳೆ. ಆದ್ರೆ ಬುಧವಾರ ಚಳಿ ಬರುತ್ತೆ, ಹಿಮ ಬೀಳ್ಬಹುದು. ಕ್ಯಾನ್ಸಲ್ ಮಾಡ್ಬೇಡಿ."

"ಹಂಗಾದ್ರೆ ಎರಡನೇ ವಾರ ನೀವೆಲ್ಲಾ ಪೆರಿಷರ್‌ಗೆ ಬರ್ತೀರಾ, ಸರ್?" ಇಂದ್ರೇಶನಿಗೆ ಇನ್ನೂ ಏನೂ ಅರ್ಥವಾದಂತಿರಲಿಲ್ಲ.

"ಗೊತ್ತಿಲ್ಲಪ್ಪ," ಎಂದ ಗುರುದತ್ತ. "ಇವಳಿಗೆ ರಜ ಸಿಗಲ್ಲ. ನಾವೇ ಇಲ್ಲಿಗೆ ಬರ್ಬೇಕೋ ಏನೋ. ನೋಡೋಣ." ಹಿಮದ ಪ್ರಶ್ನೆಗೆ ಅವನು ಗೊತ್ತಿಲ್ಲ ಎಂದದ್ದು ಹನ್ನೆರಡು ವರ್ಷಗಳಲ್ಲಿ ಅದೇ ಮೊದಲು. ಫೋನನ್ನು ಜೇಬಿಗಿಟ್ಟ. ಮಾಡಿದ್ದು ಒಳ್ಳೆಯದಾಯಿತೋ, ಸೋಮವಾರದೊಳಗೆ ಊರೆಲ್ಲ ಹಬ್ಬಿ ನಗೆಪಾಟಲಾಗುತ್ತದೋ ಅವನಿಗೆ ತಿಳಿಯಲಿಲ್ಲ. ಮಗಳು ಅವನ ತೋಳಿಗೆ ಹಣೆ ಒತ್ತಿ ಒಂದು ನಿಮಿಷ ಹಾಗೇ ಇದ್ದಳು. ಆಮೇಲೆ ಬೂಟು, ಒದ್ದೆಯಾದ ಕಾಲುಚೀಲ ಬಿಚ್ಚಿ, ಅಮ್ಮ ಕಳಿಸಿದ್ದನ್ನು ಹಾಕಿಕೊಂಡಳು.

"ಎರಡು ಗಂಟೆಗೆ ಇನ್ನೊಂದು ಬ್ಯಾಚ್ ಇದೆ, ಫಸ್ಟ್ ಟೈಮರ್ಸ್," ಎಂದಳು. "ಜಾಗ ಇದೆ. ನಿನ್ನ ಪಿಜ್ಜಾ ಇನ್ನೂ ಸರಿಯಾಗಿಲ್ಲ. ಬರ್ತೀಯಾ?"

ಬಸ್ಸು ಐದಕ್ಕೆ. ಎರಡಕ್ಕೆ ಐದು ನಿಮಿಷವಿರುವಾಗ ಗುರುದತ್ತ ಮತ್ತೆ ಫಲಕದ ಮುಂದೆ ನಿಂತಿದ್ದ. ತೇವ ಈಗ ಸ್ವಲ್ಪ ಬಿಳಿಯಾಗತೊಡಗಿತ್ತು, ಹಿಮವೋ ಮಳೆಯೋ ಇನ್ನೂ ಹೇಳುವಂತಿರಲಿಲ್ಲ. ಪಕ್ಕದಲ್ಲಿ ಹೊಸದಾಗಿ ಬಂದವನೊಬ್ಬ ಬೂಟಿನಲ್ಲಿ ಓಲಾಡುತ್ತ, ಫಲಕದ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದ.

"ಇದನ್ನು ಹೇಗೆ ಓದುವುದು?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಯಾರಿದು?"

"ಗುರುದತ್ತ," ಎಂದು ಗುರುದತ್ತ ಬಿಡಿಸಿ ಓದಿ ಹೇಳಿದ. "ನನ್ನ ಮಗಳು."